ಮೂರು ಒಂದು ಏಳು, ಉತ್ತರ ಇಲ್ಲ

ಟಿಚ್.

ಗೋಡೆಯ ಆಚೆಯಿಂದ ಬಂತು. ಗಂಟೆ ಒಂದೂವರೆ. ನಾನು ಮೊದಲಿನಿಂದಲೂ ಎಚ್ಚರ ನಿದ್ದೆಯವಳು. ಅಕ್ಕನಿಗೆ ಕಾಯಿಲೆ ಎಂದು ಗೊತ್ತಾದ ಮೇಲಂತೂ ನನ್ನ ಒಂದು ಕಿವಿ ಅವಳ ಕೋಣೆಯ ಬಾಗಿಲಲ್ಲೇ ಇರುತ್ತದೆ. ಸ್ವಲ್ಪ ತಡೆದು ಮತ್ತೆ ಕೇಳಿಸಿತು. ಟಿಚ್.

ಪಟ್ಟಿ ಕೆಟ್ಟಿತು ಅಂದುಕೊಂಡೆ. ಅಕ್ಕ ದವಡೆಯ ಕೆಳಗೆ ಕಟ್ಟಿಕೊಳ್ಳುವ ಆ ಪಟ್ಟಿಯ ಮಿಡಿತ ಹೊರಗಿನವರಿಗೆ ಕೇಳಿಸಕೂಡದು, ಕೇಳಿಸಿದರೆ ಕೂಡಲೇ ಫೋನ್ ಮಾಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಎದ್ದು ಹೋದೆ. ಪಟ್ಟಿ ಚಾರ್ಜಿಗೆ ಹಾಕಿದ್ದ ಜಾಗದಲ್ಲೇ, ಹಸಿರು ದೀಪ ಹೊತ್ತಿಸಿಕೊಂಡು ಮೇಜಿನ ಮೇಲಿತ್ತು. ಅಕ್ಕ ಮಂಚದ ಅಂಚಿನಲ್ಲಿ ನೆಟ್ಟಗೆ ಕೂತಿದ್ದಳು. ತೊಡೆಯ ಮೇಲೆ ಅವಳ ಹಳೇ ಕಂದು ಪರ್ಸು. ಅದರ ಟಿಚ್ ಬಟನ್ ಬಿಚ್ಚಿದಳು, ಹೆಬ್ಬೆರಳಿನಿಂದ ಒತ್ತಿದಳು.

"ನಂಬರ್ ಪ್ಲೀಸ್," ಎಂದಳು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಪಟ್ಟಿಯಿಲ್ಲದೆ ಅಕ್ಕ ಎರಡು ಪದ ಕೂಡಿಸಿ ಆಡಿ ಒಂದೂವರೆ ವರ್ಷವಾಗಿತ್ತು. ಅದೂ ಹೀಗೆ, 'ಪ್ಲೀ'ಯನ್ನು ಚೂರು ಮೇಲಕ್ಕೆತ್ತಿ ಮೆತ್ತಗೆ ಇಳಿಸುವ ರೀತಿ! ಅದನ್ನು ನಾನು ಕೊನೆಯ ಸಲ ಕೇಳಿದ್ದು ಹಾಸನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ನನಗೆ ಇಪ್ಪತ್ತು ತುಂಬಿದ ವರ್ಷ.

"ಅಕ್ಕಾ..."

ಅವಳು ತಿರುಗಿ ನೋಡಿ ಪರ್ಸನ್ನು ದಿಂಬಿನಡಿಗೆ ತಳ್ಳಿದಳು. "ಮ... ಲ... ಗು," ಎಂದಳು. ಒಂದೊಂದು ಅಕ್ಷರಕ್ಕೂ ಒಂದೊಂದು ಮೆಟ್ಟಿಲು ಹತ್ತಿ ನಿಂತಂತೆ.

*

ಅಕ್ಕನ ಹೆಸರು ಸರ್ವಮಂಗಳ. ಎಪ್ಪತ್ತಾರು ವರ್ಷ. ನಾನು ಪ್ರಭಾಮಣಿ, ಅವಳಿಗಿಂತ ಆರು ವರ್ಷ ಚಿಕ್ಕವಳು, ಹೆಣ್ಣುಮಕ್ಕಳ ಕಾಲೇಜೊಂದರ ಲೈಬ್ರರಿಯಲ್ಲಿದ್ದು ನಿವೃತ್ತಳಾದವಳು. ಇಬ್ಬರೂ ಮದುವೆಯಾಗಲಿಲ್ಲ. ಅಕ್ಕನ ವರ್ಗಾವಣೆಯ ಹಿಂದೆಯೇ ಹಾಸನದಿಂದ ಮೈಸೂರಿಗೆ ಬಂದು ಈ ಎರಡು ಕೋಣೆಯ ಮನೆಯಲ್ಲಿ ನೆಲೆ ನಿಂತೆವು.

ಅವಳ ಮಾತಿನಲ್ಲಿ ಮೊದಲು ಕೆಟ್ಟದ್ದು ಪದವಲ್ಲ, ಹೊತ್ತು. ಸೊಪ್ಪಿನವಳನ್ನು ಕೂಗುವಾಗ 'ದಂಟು' ಎನ್ನಲು ಹೋಗಿ 'ದಂ' ಎಂದು ನಿಂತು, ಗಲ್ಲವನ್ನು ಅತ್ತಿತ್ತ ಆಡಿಸಿ, ಹುಡುಕಿ, ಆಮೇಲೆ 'ಟು' ಎನ್ನುತ್ತಿದ್ದಳು. ಹಲ್ಲಿನ ಸೆಟ್ಟು ಸಡಿಲವಾಗಿದೆಯೆಂದು ನಾನು ದಂತವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಆರು ತಿಂಗಳು ಹಾಗೆ ಹಾಳಾಯಿತು. ಆ ಆರು ತಿಂಗಳನ್ನು ನಾನು ಇನ್ನೂ ನನಗೆ ಕ್ಷಮಿಸಿಕೊಂಡಿಲ್ಲ.

ಮಾತಿನ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿಕೊಂಡವಳು ಡಾಕ್ಟರ್ ತಹಸೀನ್. ಮೂವತ್ತೆರಡು ವರ್ಷದ ಹುಡುಗಿ, ಮಂಡಿ ಮೊಹಲ್ಲಾದವಳು, ಯಾವಾಗಲೂ ಏನಾದರೂ ಅಗಿಯುತ್ತಿರುತ್ತಾಳೆ.

"ಹಗ್ಗದಾಟ ಆಡಿದೀರಾ ಮೇಡಂ? ಇಬ್ರು ಹಗ್ಗ ತಿರುಗಿಸ್ತಿರ್ತಾರೆ, ಮೂರನೆಯವಳು ಒಳಗೆ ನುಗ್ಬೇಕು. ಕಾಲಿದೆ, ಶಕ್ತಿ ಇದೆ. ಆದ್ರೆ ಯಾವಾಗ ನುಗ್ಬೇಕು ಅನ್ನೋದು ಗೊತ್ತಾಗ್ದೆ ಅಲ್ಲೇ ತೂಗ್ತಾ ನಿಂತ್ಕೋತಾಳೆ. ಮಂಗಳಮ್ಮನ ನಾಲಿಗೆಗೆ ಆಗಿರೋದು ಅದೇ. ನಾಲಿಗೆಗೆ ಏನೂ ಆಗಿಲ್ಲ."

"ಆಮೇಲೆ?" ಎಂದೆ.

ಅವಳು ಅಗಿಯುವುದನ್ನು ನಿಲ್ಲಿಸಿದಳು. "ಆಮೇಲೆ ನಿಧಾನಕ್ಕೆ ಪದಗಳೂ ಹೋಗ್ತವೆ. ಎರಡು ವರ್ಷ, ಮೂರು ವರ್ಷ. ಅದನ್ನ ತಡೆಯೋಕೆ ನಮ್ಮ ಹತ್ರ ಏನೂ ಇಲ್ಲ. ಇರೋ ಪದಗಳನ್ನ ಹೊರಗೆ ತರೋಕೆ ಮಾತ್ರ ಒಂದು ಸಾಧನ ಇದೆ."

ಅದೇ ಈ ಪಟ್ಟಿ. ಬೆರಳಗಲದ ಮೆತ್ತನೆ ಪಟ್ಟಿ, ದವಡೆಯ ಕೆಳಗಿನಿಂದ ಕಿವಿಯ ಹಿಂದಕ್ಕೆ ಹೋಗುತ್ತದೆ. ಬಾಯಿ ಒಂದು ಅಕ್ಷರಕ್ಕೆ ಸಿದ್ಧವಾಗುವಾಗ ಸ್ನಾಯುಗಳಲ್ಲಿ ಹುಟ್ಟುವ ಸಣ್ಣ ಬಿಗಿತವನ್ನು ಅದು ಓದುತ್ತದೆ. ಸರಿಯಾದ ಕ್ಷಣಕ್ಕೆ ಮೂಳೆಯ ಮೇಲೆ ಒಂದು ಮಿಡಿತ ಕೊಡುತ್ತದೆ. ಹೂಂ, ಈಗ ನುಗ್ಗು, ಎಂದ ಹಾಗೆ. ಆದರೆ ಸರಿಯಾದ ಕ್ಷಣ ಯಾವುದು? ಪ್ರತಿಯೊಬ್ಬರ ಮಾತಿಗೂ ಅವರದೇ ನಡಿಗೆ ಇರುತ್ತದಂತೆ. ಹಳೆಯ ಧ್ವನಿಮುದ್ರಣವಿದ್ದರೆ ಪಟ್ಟಿ ಅದರಿಂದ ಕಲಿಯುತ್ತದೆ. ಮೂವತ್ತೈದು ವರ್ಷ ಟೆಲಿಫೋನ್ ಆಪರೇಟರಾಗಿ ಊರಿನವರ ಮಾತನ್ನೆಲ್ಲ ಜೋಡಿಸಿದ ಅಕ್ಕನ ಒಂದು ಮಾತೂ ಯಾವ ಟೇಪಿನಲ್ಲೂ ಉಳಿದಿರಲಿಲ್ಲ.

ಇಲ್ಲದಿದ್ದರೆ ಜೊತೆಯಲ್ಲಿ ಬೆಳೆದವರ ನಡಿಗೆಯನ್ನು ಸಾಲ ಕೊಡಬಹುದು ಎಂದಳು ತಹಸೀನ್. ನಾನು ಕೊಟ್ಟೆ. ನಾಲ್ಕು ತಿಂಗಳು ದಿನಾ ಬೆಳಗ್ಗೆ ಇಬ್ಬರೂ ಪಟ್ಟಿ ಕಟ್ಟಿಕೊಂಡು, ಎದುರುಬದುರು ಕೂತು, ಒಂದೇ ವಾಕ್ಯವನ್ನು ಒಟ್ಟಿಗೆ ಹೇಳಿದೆವು. 'ಹಾಲಿನವನು ಬಂದನೇ?' 'ಬಿಸಿಲು ಬಂತು, ಹಪ್ಪಳ ಹರವು.' ಐದನೆಯ ತಿಂಗಳು ಅಕ್ಕ ಒಬ್ಬಳೇ ಹೇಳಿದಳು. ಆವತ್ತು ನಾನು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ತೊಂದರೆ ಗೊತ್ತಾದದ್ದು ಕಾಫಿಯಿಂದ. ಅಕ್ಕ ಜೀವಮಾನವಿಡೀ "ಕಾಫಿ ಕೊಡೇ" ಎಂದವಳು. ಒಂದು ದಿನ ಸಲೀಸಾಗಿ ಹೇಳಿದಳು, "ಅಂದ್ರೆ, ಒಂದರ್ಧ ಲೋಟ ಕಾಫಿ ಸಿಕ್ಕಿದ್ರೆ ಒಳ್ಳೇದಿತ್ತೇನೋ."

ಹೇಳಿ, ತಾನೇ ಬೆಚ್ಚಿ ನನ್ನ ಮುಖ ನೋಡಿದಳು. ಆ 'ಅಂದ್ರೆ' ನನ್ನದು. 'ಏನೋ' ಕೂಡ ನನ್ನದೇ. ಯಾರಿಗೂ ನೋವಾಗದಿರಲೆಂದು ಮಾತಿಗೆ ಹಿಂದೆ ಮುಂದೆ ಬಟ್ಟೆ ಸುತ್ತುವ ಅಭ್ಯಾಸ ನನ್ನದು. ಅಕ್ಕನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ನೇರ ಹೇಳೇ, ಟ್ರಂಕ್ ಕಾಲಲ್ಲಿ ಹಿಂಗೆ ಎಳೆದ್ರೆ ಮೂರು ನಿಮಿಷ 'ಅಂದ್ರೆ'ಗೇ ಮುಗಿದುಹೋಗುತ್ತೆ," ಎಂದು ಆಡಿಕೊಳ್ಳುತ್ತಿದ್ದಳು.

ತಹಸೀನ್ ಮುಚ್ಚಿಡಲಿಲ್ಲ. "ಪಟ್ಟಿಗೆ ಮಾತು ಗೊತ್ತಿಲ್ಲ ಮೇಡಂ, ಹೊತ್ತು ಮಾತ್ರ ಗೊತ್ತು. ಆದ್ರೆ ಮಂಗಳಮ್ಮನ ಕಡೆಯಿಂದ ಬರೋ ಬಿಗಿತ ಕಮ್ಮಿ ಆದಾಗ, ಪಟ್ಟಿ ತಾನು ಕಲಿತ ನಡಿಗೇನ ಹಾಕ್ತಾ ಹೋಗುತ್ತೆ. ನಾಲಿಗೆ ಅದರ ಹಿಂದೆ ಹೋಗ್ಬಿಡುತ್ತೆ. ಈಗ ಅವರು ಆಡೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮ್ದು."

"ಅದಕ್ಕೇನು ಮಾಡ್ತೀರಿ?"

"ಮುಂದಿನ ಗುರುವಾರ ಆಸ್ಪತ್ರೆ ಸಮಿತಿ ನೋಡುತ್ತೆ. ಒಬ್ಬರ ಬಾಯಲ್ಲಿ ಇನ್ನೊಬ್ಬರ ಮಾತು ಅಂತ ಅನ್ಸಿದ್ರೆ ಪಟ್ಟಿ ವಾಪಸ್ ತಗೋತಾರೆ. ಮಂಗಳಮ್ಮಂದೇ ನಡಿಗೆ ಎಲ್ಲಾದ್ರೂ ಉಳಿದಿದ್ರೆ, ಒಂದು ಹತ್ತು ನಿಮಿಷದ್ದು ಸಿಕ್ಕಿದ್ರೆ ಸಾಕಿತ್ತು."

ಅದಾಗಿ ಮೂರನೆಯ ರಾತ್ರಿ ನಾನು ಆ ಟಿಚ್ ಸದ್ದು ಕೇಳಿದ್ದು.

*

ಹಾಸನದ ಎಕ್ಸ್‌ಚೇಂಜಿಗೆ ನಾನು ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದೆ. ಹೊರಗಿನವರು ಬೋರ್ಡಿನ ಕೋಣೆಗೆ ಬರುವಂತಿರಲಿಲ್ಲ. ಆದರೆ ಸೂಪರ್‌ವೈಸರ್ ಫಿಲೋಮಿನಾ ಮೇಡಂ ನನ್ನನ್ನು ಮೂಲೆಯ ಸ್ಟೂಲಿನ ಮೇಲೆ ಕೂರಲು ಬಿಡುತ್ತಿದ್ದರು. "ಕೂತ್ಕೋ ಮರಿ. ಆದ್ರೆ ಇಲ್ಲಿ ಕೇಳಿದ್ದನ್ನ ಇಲ್ಲೇ ಬಿಟ್ಟು ಹೋಗ್ಬೇಕು. ಯಾರ ಮನೇಲಿ ಯಾರು ಸತ್ರು, ಯಾರು ಓಡಿಹೋದ್ರು, ನಮಗೆ ಎಲ್ಲಾ ಗೊತ್ತಾಗುತ್ತೆ. ನಮಗೆ ಏನೂ ಗೊತ್ತಿಲ್ಲ. ತಿಳೀತಾ?"

ಕಪ್ಪು ಬೋರ್ಡಿನ ತುಂಬ ಸಣ್ಣ ತೂತುಗಳು, ಒಂದೊಂದರ ಕೆಳಗೂ ನಂಬರು. ಆರು ಜನ ಹುಡುಗಿಯರು ಸಾಲಾಗಿ ಕೂತು, ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಹಿತ್ತಾಳೆ ತುದಿಯ ವೈರನ್ನು ಎಳೆದು ತೂತಿಗೆ ಒತ್ತುತ್ತಿದ್ದರು. ಟಿಚ್. ನಂಬರ್ ಪ್ಲೀಸ್. ಟಿಚ್. ಲೈನ್‌ನಲ್ಲಿರಿ. ಆ ಟಿಚ್ ಆದಮೇಲೇ ಮಾತು ಹೊರಡುತ್ತಿತ್ತು, ಅದಿಲ್ಲದೆ ಬಾಯಿ ತೆರೆಯುತ್ತಿರಲಿಲ್ಲ. ಹೆಡ್‌ಫೋನಿನ ಕಂಬಿ ಕೂತು ಅಕ್ಕನ ತಲೆಗೂದಲಿನಲ್ಲಿ ಅಡ್ಡಕ್ಕೊಂದು ಗೆರೆ ಬಿದ್ದಿತ್ತು. ಭಾನುವಾರ ಎಣ್ಣೆ ಹಚ್ಚಿ ಬಾಚಿದರೂ ಹೋಗುತ್ತಿರಲಿಲ್ಲ. ಎರಡು ಕಡೆಯವರೂ ಸಿಕ್ಕ ಮೇಲೆ "ಮಾತಾಡಿ, ಅರಸೀಕೆರೆ, ಮಾತಾಡಿ" ಎಂದು ಅವಳು ಕೀಲಿ ತಿರುಗಿಸಿ, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಮುಖ ಪಕ್ಕಕ್ಕೆ ಮಾಡುತ್ತಿದ್ದಳು. ಬೇರೆ ಹುಡುಗಿಯರು ಒಂದಿಷ್ಟು ಕದ್ದು ಕೇಳಿ ನಗುತ್ತಿದ್ದರು. ಅಕ್ಕ ಕೇಳುತ್ತಿರಲಿಲ್ಲ. ಊರಿಂದೂರಿಗೆ ಮಾಡುವ ಟ್ರಂಕ್ ಕರೆಗೆ ಹಣದ ಲೆಕ್ಕ ಮೂರು ನಿಮಿಷಕ್ಕೊಂದು; ಅಷ್ಟಕ್ಕೆ ಸರಿಯಾಗಿ ಕಿವಿಗೆ ಹಾಕಿಕೊಂಡು "ಮೂರು ನಿಮಿಷ ಆಯ್ತು" ಎನ್ನುತ್ತಿದ್ದಳು. ಗಡಿಯಾರ ನೋಡುತ್ತಿರಲಿಲ್ಲ. ಮೂರು ನಿಮಿಷ ಅವಳ ಮೈಯಲ್ಲೇ ಇತ್ತು.

ನಮ್ಮ ಮನೆಯ ಮಾಲೀಕರ ಹಜಾರದಲ್ಲಿ ಫೋನ್ ಇತ್ತು. ನಂಬರು ಮುನ್ನೂರ ಹದಿನೇಳು. ಆ ವರ್ಷ ನಾನು ಓದುತ್ತಿದ್ದ ಕಾಲೇಜಿಗೆ ಒಂದು ವರ್ಷದ ಮಟ್ಟಿಗೆ ಬಂದಿದ್ದ ವಿರೂಪಾಕ್ಷ ಎಂಬ ಮೇಷ್ಟ್ರು ಭದ್ರಾವತಿಯಲ್ಲಿ ಕಾಯಂ ಕೆಲಸ ಸಿಕ್ಕಿ ಹೊರಟಿದ್ದರು. ಹೊರಡುವ ಮುಂಚೆ ಲೈಬ್ರರಿಯ ಕಪಾಟಿನ ಸಂದಿಯಲ್ಲಿ, ಪುಸ್ತಕ ಹುಡುಕುವವರ ಹಾಗೆ ಬೆನ್ನು ತಿರುಗಿಸಿಕೊಂಡೇ ಹೇಳಿದರು: "ಬರೋ ಭಾನುವಾರ ಸಂಜೆ ಏಳಕ್ಕೆ ನಿಮ್ಮ ಓನರ್ ಮನೆಗೆ ಟ್ರಂಕ್ ಬುಕ್ ಮಾಡ್ತೀನಿ, ನಿಮ್ಮ ಹೆಸರು ಹೇಳಿ, ಪಿ.ಪಿ. ಕಾಲ್. ನೀವು ಫೋನ್ ತೆಗೆದ್ರೆ ಹೌದು ಅಂತ ತಿಳ್ಕೋತೀನಿ. ಉತ್ತರ ಇಲ್ಲ ಅಂದ್ರೆ... ಉತ್ತರ ಇಲ್ಲ ಅಂತ ತಿಳ್ಕೋತೀನಿ. ಮತ್ತೆ ತೊಂದ್ರೆ ಕೊಡಲ್ಲ."

ಅವರೇಕಾಯಿಯ ಕಾಲ. ಮಾಲೀಕರ ಹೆಂಡತಿಗೆ ಕಾಯಿ ಸುಲಿದುಕೊಡುತ್ತೇನೆಂದು ಹೇಳಿ ಐದೂವರೆಗೇ ಹೋಗಿ ಫೋನಿನ ಪಕ್ಕ ಕೂತೆ. ಅವರು ದೇವಸ್ಥಾನಕ್ಕೆ ಹೋದರು. ನಾನೊಬ್ಬಳೇ. ಅಕ್ಕನಿಗೆ ಆವತ್ತು ಸಂಜೆ ಪಾಳಿ. ಅವಳಿಗೆ ಏನೂ ಹೇಳಿರಲಿಲ್ಲ. ಕರೆಯನ್ನು ಅವಳೇ ಜೋಡಿಸಬಹುದು ಎಂದು ನೆನೆದು ಒಳಗೊಳಗೇ ನಗು ಬರುತ್ತಿತ್ತು. ಏಳಾಯಿತು. ಎಂಟಾಯಿತು. ಎರಡು ಸೇರು ಕಾಳಾಯಿತು. ಫೋನ್ ಒಂದು ಸಲವೂ ಬಡಿದುಕೊಳ್ಳಲಿಲ್ಲ.

ಮನಸ್ಸು ಬದಲಾಯಿಸಿದರು ಅಂದುಕೊಂಡೆ. ಐವತ್ತು ವರ್ಷ ಹಾಗೇ ಅಂದುಕೊಂಡಿದ್ದೆ.

*

ಟಿಚ್ ಬಟನ್ನಿನ ವಿಷಯ ಕೇಳಿ ತಹಸೀನ್ ಕುರ್ಚಿಯಿಂದ ಎದ್ದೇಬಿಟ್ಟಳು. "ಅಯ್ಯೋ ಮೇಡಂ, ನಡಿಗೆ ಬಾಯಲ್ಲಿಲ್ಲ, ಕೈಯಲ್ಲಿ ಉಳಿದಿದೆ!" ಅಂದೇ ಸಂಜೆ ಟೈಲರ್ ಅಂಗಡಿಗೆ ಹೋಗಿ ಒಂದು ಹಲಗೆಗೆ ದಪ್ಪ ಬಟ್ಟೆ ಬಿಗಿಸಿ ಹನ್ನೆರಡು ಟಿಚ್ ಬಟನ್ ಹೊಲಿಸಿ ತಂದಳು. ಊರುಗಳ ಹೆಸರು ಬರೆದುಕೊಡಿ ಎಂದಳು. ನಾನು ಹನ್ನೊಂದು ಬರೆದೆ: ಅರಸೀಕೆರೆ, ಸಕಲೇಶಪುರ, ಬೇಲೂರು, ಹೊಳೆನರಸೀಪುರ, ಹೀಗೆ. ಹನ್ನೆರಡನೆಯದನ್ನು ಖಾಲಿ ಬಿಟ್ಟೆ. ಬರೆಯಲು ಕೈ ಬರಲಿಲ್ಲ ಎಂದು ಈಗ ಅನಿಸುತ್ತದೆ. ಆಗ ನೆನಪಾಗಲಿಲ್ಲ ಎಂದೇ ಅಂದುಕೊಂಡೆ.

ಗುರುವಾರ. ಗಾಜಿನ ಆಚೆ ಸಮಿತಿಯ ಮೂವರು. ಈಚೆ ಅಕ್ಕ, ಅವಳ ಮುಂದೆ ಹಲಗೆ. ಪಟ್ಟಿ ಕಟ್ಟಿತ್ತು, ಆದರೆ ಮಿಡಿತ ನಿಲ್ಲಿಸಿದ್ದರು. ಇವತ್ತು ಅದು ಕೇಳಲು ಮಾತ್ರ. ನಾನು ಮೂಲೆಯ ಸ್ಟೂಲಿನಲ್ಲಿ ಕೂತೆ.

ಅಕ್ಕ ಹಲಗೆಯನ್ನು ನೋಡಿದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಬಟನ್ ಒತ್ತಿದಳು.

"ನಂಬರ್ ಪ್ಲೀಸ್."

ಟಿಚ್. "ಲೈನ್‌ನಲ್ಲಿರಿ."

ಟಿಚ್. "ಮಾತಾಡಿ, ಸಕಲೇಶಪುರ, ಮಾತಾಡಿ."

ಗಾಜಿನ ಆಚೆ ಯಾರೋ ಪೆನ್ನು ಕೆಳಗಿಟ್ಟರು. ಕಂಪ್ಯೂಟರಿನ ಪರದೆಯ ಮೇಲೆ ಅಕ್ಕನ ನಡಿಗೆ ಗೆರೆಗೆರೆಯಾಗಿ ಮೂಡುತ್ತಿತ್ತು. ಅದು ನನ್ನ ಹಾಗೆ ತಡವರಿಸುತ್ತಿರಲಿಲ್ಲ. ಚಿಕ್ಕ ಚಿಕ್ಕ ಹೆಜ್ಜೆ, ಕೊನೆಗೊಂದು ಸಣ್ಣ ಜಿಗಿತ. ಅಕ್ಕ ನಡೆಯುತ್ತಿದ್ದದ್ದೂ ಹಾಗೆಯೇ. ಪಾಳಿ ಮುಗಿಸಿ ಬರುವಾಗ ನಮ್ಮ ಹೊಸ್ತಿಲಿಗೆ ಮುಂಚೆ ಒಂದು ಜಿಗಿತ. ನನ್ನ ಕಣ್ಣು ಮಂಜಾಯಿತು. ತಹಸೀನ್ ನನ್ನ ಹೆಗಲು ಹಿಂಡಿ, "ಹತ್ತು ನಿಮಿಷ ಆಗಲಿ, ಸಾಕು," ಎಂದು ಪಿಸುಗುಟ್ಟಿದಳು.

ಎಂಟನೆಯ ನಿಮಿಷದಲ್ಲಿ ಅಕ್ಕನ ಬೆರಳು ಹೆಸರಿಲ್ಲದ ಬಟನ್ನಿನ ಮೇಲೆ ಬಂದು ನಿಂತಿತು.

ಟಿಚ್. "ಹೇಳಿ, ಭದ್ರಾವತಿ."

ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡಳು. ಯಾರೂ ಏನೂ ಹೇಳುತ್ತಿರಲಿಲ್ಲ.

"ಮೂರು ಒಂದು ಏಳು. ಪಿ.ಪಿ. ಕಾಲ್. ಯಾರನ್ನ ಕರೀಬೇಕು?" ಮತ್ತೆ ಕೇಳಿಸಿಕೊಂಡಳು. ಈ ಸಲ ಬಹಳ ಹೊತ್ತು. ಅವಳ ಬಲಗೈ ಹಲಗೆಯಿಂದ ಎದ್ದು ಗಾಳಿಯಲ್ಲಿ ನಿಂತಿತ್ತು, ವೈರು ಹಿಡಿದ ಹಾಗೆ. ತೂತಿಗೆ ಹೋಗಲಿಲ್ಲ. ತೊಡೆಯ ಮೇಲೆ ಬಂದು ಕೂತಿತು.

"ಭದ್ರಾವತಿ, ಮೂರು ಒಂದು ಏಳು ಉತ್ತರ ಇಲ್ಲ. ಕ್ಷಮಿಸಿ."

ಒಂದೇ ಉಸಿರಿಗೆ, ಎಲ್ಲೂ ಎಡವದೆ. ಆ ಎರಡು ವರ್ಷದಲ್ಲಿ ಪಟ್ಟಿಯ ಮಿಡಿತವಿಲ್ಲದೆ ಅಕ್ಕ ಆಡಿದ ಅತಿ ಉದ್ದದ ವಾಕ್ಯ ಅದು.

ತಹಸೀನ್ ಚಪ್ಪಾಳೆ ತಟ್ಟಿದಳು. ಸಮಿತಿಯವರು ಒಳಗೆ ಬಂದರು. ಹಿರಿಯರೊಬ್ಬರು ನನ್ನ ಚೀಟಿ ತೆಗೆದು ನೋಡಿ, "ಭದ್ರಾವತಿ ಇದರಲ್ಲಿ ಇಲ್ವಲ್ಲ. ನೀವು ಹೇಳಿಕೊಟ್ಟಿದ್ದಾ?" ಎಂದು ಕೇಳಿದರು.

"ಇಲ್ಲ."

"ಹಾಗಾದ್ರೆ ಇದು ಅವರದೇ," ಎಂದರು ಅವರು. ಪಟ್ಟಿ ಉಳಿಯಿತು. ನನ್ನ ನಡಿಗೆಯನ್ನು ಅಳಿಸಿ ಅಕ್ಕನದನ್ನು ತುಂಬುವುದೆಂದು ಅಲ್ಲೇ ತೀರ್ಮಾನವಾಯಿತು.

ತಹಸೀನ್ ಫಾರಂ ತುಂಬುತ್ತ ತಲೆಯೆತ್ತದೆ ಕೇಳಿದಳು. "ಮೂರು ಒಂದು ಏಳು ನಿಜವಾದ ನಂಬರಾ ಮೇಡಂ?"

"ಹೌದು. ನಮ್ಮ ಓನರ್ ಮನೇದು."

"ಆವತ್ತು ಯಾರೂ ತೆಗೀಲಿಲ್ವಾ?"

ಅಕ್ಕ ನನ್ನನ್ನು ನೋಡುತ್ತಿದ್ದಳು. ಅವಳ ಗಲ್ಲ ಆಡುತ್ತಿತ್ತು. ಯಾವ ಮಾತಿಗೆಂದು ಯಾವ ಪರದೆಯೂ ತೋರಿಸುತ್ತಿರಲಿಲ್ಲ.

"ಮನೇಲಿ ಯಾರೂ ಇರ್ಲಿಲ್ಲ ಅಂತ ಕಾಣುತ್ತೆ," ಎಂದೆ.

*

ಮೂರು ದಿನ ನಾವು ಮಾತಾಡಲಿಲ್ಲ ಎನ್ನುವಂತಿಲ್ಲ. "ಕಾಫಿ ಕೊಡೇ" ಎಂದಳು ಅಕ್ಕ, ಹಳೇ ಅಕ್ಕನ ಹಾಗೆ. ಕೊಟ್ಟೆ. "ಸಾರಿಗೆ ಉಪ್ಪು ಜಾಸ್ತಿ" ಎಂದಳು. ಹೌದೆಂದೆ. ಆದರೆ ನನ್ನೊಳಗೆ ಒಂದು ಬೋರ್ಡು ಹಗಲೂ ರಾತ್ರಿ ನಡೆಯುತ್ತಿತ್ತು. ಕರೆ ಬಂದಿತ್ತು. ಜೋಡಿಸದೆ ಏಕೆ ಬಿಟ್ಟಳು? ಅಪ್ಪ ಹೋಗಿ ಆಗ ಎಂಟು ತಿಂಗಳು. ಆ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಯಾವನೋ ಗಂಡಸು ತನ್ನ ತಂಗಿಯ ಹೆಸರು ಹೇಳಿ ಕರೆಯಲು ಕೇಳಿದಾಗ ಅವಳಿಗೆ ಏನನ್ನಿಸಿರಬಹುದು? ಹೆದರಿದಳೇ? ನನಗಾಗಿ ಹೆದರಿದಳೇ, ತನಗಾಗಿಯೇ? ಇಪ್ಪತ್ತರಲ್ಲಿ ಗೊತ್ತಾಗಿದ್ದರೆ ಅವಳ ಮುಖ ನೋಡುತ್ತಿರಲಿಲ್ಲ. ಎಪ್ಪತ್ತರಲ್ಲಿ ಅವಳ ತಲೆಗೂದಲನ್ನು ನಾನೇ ಬಾಚುತ್ತೇನೆ. ಆ ಗೆರೆ ಇನ್ನೂ ಅಲ್ಲೇ ಇದೆ, ಬೆಳ್ಳಗಾಗಿದೆ.

ಕೇಳಬಹುದಿತ್ತು. ಪಟ್ಟಿಯಿದೆ, ನಡಿಗೆಯೂ ಅವಳದೇ. ಆದರೆ ಪದಗಳು ಹೋಗುತ್ತಿವೆ. ಶುಕ್ರವಾರ 'ಚಮಚ' ಹೋಯಿತು, ಶನಿವಾರ 'ಕಿಟಕಿ'. ಉಳಿದಿರುವ ಪದಗಳಲ್ಲಿ ನಾಲ್ಕನ್ನು ನನ್ನ ಪ್ರಶ್ನೆಗೆ ಖರ್ಚು ಮಾಡಿಸಬೇಕೇ ಎಂದು ತೀರ್ಮಾನಿಸಲಾಗಲಿಲ್ಲ.

ಭಾನುವಾರ ಅಕ್ಕ ತಾನೇ ಗೇಟಿಗೆ ಹೋಗಿ ಗಾಡಿಯವನಿಂದ ಅವರೇಕಾಯಿ ಕೊಂಡಳು. ಚಾಪೆ ಹಾಸಿ, ಮಧ್ಯೆ ಮೊರ ಇಟ್ಟಳು. ಇಬ್ಬರೂ ಸುಲಿಯುತ್ತ ಕೂತೆವು. ಸೊಗಡಿನ ವಾಸನೆಗೆ ಮನೆ ಹಾಸನವಾಯಿತು. ಗೋಡೆಯ ಗಡಿಯಾರ ಏಳಕ್ಕೆ ಎರಡು ನಿಮಿಷ ತೋರಿಸುತ್ತಿತ್ತು. ಅಕ್ಕ ಅದರ ಕಡೆ ನೋಡಿರಲಿಲ್ಲ. ಕೈ ಒರೆಸಿಕೊಂಡು ಪರ್ಸನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು.

ಟಿಚ್.

"ಹೇಳಿ, ಭದ್ರಾವತಿ."

ನನ್ನ ಬೆರಳು ಕಾಯಿಯಲ್ಲೇ ನಿಂತಿತು.

"ಮೂರು ಒಂದು ಏಳು. ಯಾರನ್ನ ಕರೀಬೇಕು?" ಅವಳು ತಲೆ ಓರೆ ಮಾಡಿದಳು. "ಪ್ರಭಾಮಣಿಯವರನ್ನ. ಲೈನ್‌ನಲ್ಲಿರಿ."

ರಾತ್ರಿ ರಾತ್ರಿ ಎದ್ದು ಅಭ್ಯಾಸ ಮಾಡುತ್ತಿದ್ದದ್ದು ಇದನ್ನು. ಹಳೆಯದನ್ನು ಮತ್ತೆ ಹೇಳಲು ಅಭ್ಯಾಸ ಬೇಕಿರಲಿಲ್ಲ. ಮುಂದಿನದಕ್ಕೆ ಬೇಕಿತ್ತು. ಅದನ್ನು ಅವಳು ಒಮ್ಮೆಯೂ ಆಡಿರಲಿಲ್ಲ.

ಬಟನ್ ಬಿಚ್ಚಿದಳು. ಎರಡು ಸಲ ತಪ್ಪಿತು. ಮೂರನೆಯ ಸಲ ಕೂತಿತು. ಟಿಚ್.

"ಮೂರು ಒಂದು ಏಳು, ನಿಮಗೆ ಭದ್ರಾವತಿಯಿಂದ ಕರೆ. ಮಾತಾಡಿ," ಎಂದಳು. ನನ್ನ ಕಣ್ಣನ್ನೇ ನೋಡಿ, ಇನ್ನೂ ಮೆತ್ತಗೆ, "ಮಾತಾಡಿ."

ಹೇಳಿ, ಕಿವಿಯ ಹಿಂದಿನ ಪಟ್ಟಿಯನ್ನು ಒಂದು ಬೆರಳಿನಿಂದ ಸರಿಸಿದ ಹಾಗೆ ಮಾಡಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು. ಅವಳು ಕದ್ದು ಕೇಳುವವಳಲ್ಲ.

ನಾನು ಅವರೇಕಾಯಿಯ ಕೈಯನ್ನೇ ಕಿವಿಗೆ ಹಿಡಿದೆ. ಎಪ್ಪತ್ತು ವರ್ಷದ ಹೆಂಗಸು, ಯಾರಾದರೂ ನೋಡಿದ್ದರೆ ಏನೆನ್ನುತ್ತಿದ್ದರೋ.

"ಹಲೋ," ಎಂದೆ.

ಆಚೆ ಯಾರೂ ಇರಲಿಲ್ಲ. ಇದ್ದಿದ್ದರೆ ಅವರಿಗೂ ಎಂಬತ್ತರ ಹತ್ತಿರ. ಏನು ಹೇಳಬೇಕೆಂದು ಐವತ್ತು ವರ್ಷದ ಹಿಂದೆ ಬಾಯಿಪಾಠ ಮಾಡಿದ್ದೆ. ಈಗ ಒಂದೇ ಪದ ಉಳಿದಿತ್ತು. 'ಅಂದ್ರೆ' ಇಲ್ಲದೆ, 'ಏನೋ' ಇಲ್ಲದೆ ಹೇಳಿದೆ.

"ಹೌದು."

ಆಮೇಲೂ ಕೈಯನ್ನು ಕಿವಿಯಿಂದ ಇಳಿಸಲಿಲ್ಲ. ಹೊರಗೆ ಯಾರದೋ ಸ್ಕೂಟರು ಹೋಯಿತು. ಅಕ್ಕನ ಬೆನ್ನು ಮೆಲ್ಲಗೆ ಅಲುಗುತ್ತಿತ್ತು. ನಾನು ಮುಟ್ಟಲಿಲ್ಲ. ಕೊನೆಗೆ ಅವಳು ತಿರುಗಿ, ಕೆನ್ನೆಯನ್ನು ಸೆರಗಿನಿಂದ ಒತ್ತಿಕೊಂಡು ಹೇಳಿದಳು.

"ಮೂರು ನಿಮಿಷ ಆಯ್ತು."

ಟಿಚ್. ಪರ್ಸನ್ನು ಪಕ್ಕಕ್ಕಿಟ್ಟು ಮೊರಕ್ಕೆ ಕೈ ಹಾಕಿದಳು. "ಹುಳ ನೋಡ್ಕೊಂಡು ಸುಲಿಯೇ, ಪ್ರಭೀ."

*

ಸೋಮವಾರ ತಹಸೀನ್ ವಾರದ ಲೆಕ್ಕವನ್ನು ಪರದೆಯ ಮೇಲೆ ಹರಡಿಕೊಂಡು ಕೂತಿದ್ದಳು. ಪಟ್ಟಿಗೆ ಮಾತು ಗೊತ್ತಿಲ್ಲ, ಹೊತ್ತು ಮಾತ್ರ ಗೊತ್ತು. ಭಾನುವಾರದ ಗೆರೆಯ ಮೇಲೆ ಅವಳ ಬೆರಳು ನಿಂತಿತು.

"ಇಲ್ನೋಡಿ ಮೇಡಂ. ಏಳು ಗಂಟೆಗೆ ಇದ್ದಕ್ಕಿದ್ದ ಹಾಗೆ ಎಷ್ಟು ಚೆನ್ನಾಗಿ ನಡೆದಿದಾರೆ! ಆಮೇಲೆ ಮೂರು ನಿಮಿಷ ಪೂರ್ತಿ ಖಾಲಿ. ಕರೆಕ್ಟಾಗಿ ಮೂರು ನಿಮಿಷ, ಒಂದು ಸೆಕೆಂಡೂ ಆಚೀಚೆ ಇಲ್ಲ. ಪಟ್ಟಿ ಬಿಚ್ಚಿದ್ರಾ? ಏನಾದ್ರೂ ಆಯ್ತಾ?"

ಅಕ್ಕ ಪಕ್ಕದ ಕುರ್ಚಿಯಲ್ಲಿದ್ದಳು. ಪರ್ಸು ತೊಡೆಯ ಮೇಲಿತ್ತು, ಹೆಬ್ಬೆರಳು ಬಟನ್ನಿನ ಮೇಲಿತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು.

"ಏನೂ ಇಲ್ಲಮ್ಮ," ಎಂದೆ. "ಅವರೇಕಾಯಿ ಸುಲೀತಾ ಇದ್ವಿ."

ತಹಸೀನ್ ಹಾಗೆಯೇ ಬರೆದುಕೊಂಡಳು.